ಸಪ್ಪೆ ಊಟದ ಕೇಳುಗ

ಒಂದು ಊರಿನ ಚರಿತ್ರೆ ಬರೆಯಲು ಕುಳಿತವರು ಯುದ್ಧದಿಂದಲೋ ಕಾಲರಾದಿಂದಲೋ ಶುರುಮಾಡುವುದು ರೂಢಿ. ನಮ್ಮ ಊರಿಗೆ ಆ ಅನುಕೂಲಗಳು ಒದಗಿಬಂದಿಲ್ಲ. ಹಾಗಾಗಿ ಇದ್ದದ್ದನ್ನೇ ತಕ್ಕ ಗಾಂಭೀರ್ಯದಿಂದ ದಾಖಲಿಸುತ್ತೇನೆ: ಹೋದ ವರ್ಷ ಸುಗ್ಗಿ ಮುಗಿದ ಮೇಲಿನ ಒಂದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಊರಿನ ಅಷ್ಟೂ ಮನೆಗಳಲ್ಲಿ ಪುಂಡಿ ಪಲ್ಯ ಸಪ್ಪಗಾಯಿತು. ಪಲ್ಯದಲ್ಲಿ ಉಪ್ಪು ಇತ್ತು, ನಾಲಿಗೆಗೆ ತಾಗಲಿಲ್ಲ. ಗಂಡಂದಿರು ಹೆಂಡಂದಿರ ಕಡೆ ಕಣ್ಣು ಕೆಂಪಗೆ ಮಾಡಿದರು. ಹೆಂಡಂದಿರು ತಾವೂ ಒಂದು ತುತ್ತು ಬಾಯಿಗಿಟ್ಟು ನೋಡಿ, ಉಪ್ಪಿನ ಡಬ್ಬಿಯ ತಂಟೆಗೆ ಹೋಗದೆ, ನೇರವಾಗಿ ರೇಡಿಯೋದ ಕಡೆ ಕಣ್ಣು ಕೆಂಪಗೆ ಮಾಡಿದರು.

ನಮ್ಮಲ್ಲಿ ಒಂದು ಪ್ರಶ್ನೆ ಕಿವಿಗೆ ಬಿತ್ತೆಂದರೆ, ಕೇಳಿದವರ ಮುಖ ನೋಡಿ ಉತ್ತರ ಹೇಳುವ ತನಕ ನಾಲಿಗೆಗೆ ಉಪ್ಪು ತಾಗುವುದಿಲ್ಲ. ಹೆಸರು ಹಿಡಿದು ಕೇಳಿದರೆ ಆ ಒಬ್ಬರಿಗೆ, ಹೆಸರಿಲ್ಲದೆ ಕೇಳಿದರೆ ಕೇಳಿಸಿಕೊಂಡ ಎಲ್ಲರಿಗೂ. ಆದ್ದರಿಂದ ಮರ್ಯಾದಸ್ಥರು ಪ್ರಶ್ನೆ ಕೇಳುವುದಿಲ್ಲ. ಬೀದಿಯಲ್ಲಿ ಎದುರಾದವರು "ಊಟ ಆಗಿರಬೇಕು" ಎನ್ನುತ್ತಾರೆ. ಆಗಿದ್ದರೆ ನಾವು ಹೂಂ ಅನ್ನುತ್ತೇವೆ, ಆಗಿರದಿದ್ದರೆ ನಗುತ್ತೇವೆ. ಬಸ್ಸಿನಲ್ಲಿ ಕಂಡಕ್ಟರು ಬಂದು ಸುಮ್ಮನೆ ಎದುರಿಗೆ ನಿಲ್ಲುತ್ತಾನೆ, ನಾವೇ ಊರಿನ ಹೆಸರು ಹೇಳುತ್ತೇವೆ. ಹೆಣ್ಣು ನೋಡಲು ಹೋದವರು ಹುಡುಗಿಯನ್ನು ಏನೂ ಕೇಳದೆ ಉಪ್ಪಿಟ್ಟು ತಿಂದು ಬರುತ್ತಾರೆ, ಮಿಕ್ಕದ್ದು ಮದುವೆಯಾದ ಮೇಲೆ ತಾನಾಗಿ ತಿಳಿಯುತ್ತದೆ. ಹೀಗೆ ಒಬ್ಬರ ವಿಷಯ ಒಬ್ಬರು ಅಂದಾಜಿನಲ್ಲೇ ತಿಳಿದುಕೊಂಡು ತಲೆಮಾರುಗಳನ್ನು ಕಳೆದಿದ್ದೆವು. ಜಗಳ ಕಡಿಮೆ ಇತ್ತು. ಮಾತೂ ಕಡಿಮೆ ಇತ್ತು.

ಇಂಥ ಊರಿಗೆ ಮಾತಿನ ರೇಡಿಯೋ ತಂದವರು ಚಂಪಾವತಿ. ಎಲ್ಲರ ಬಾಯಲ್ಲಿ ಚಂಪಕ್ಕ. ಬಸ್ ನಿಲ್ದಾಣದ ಗಾಜಿನ ಗೂಡಿನೊಳಗೆ ಕುಳಿತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಯಾರ ಕೈ ಬಿಟ್ಟಿದೆ ಎಂದು ಮೈಕಿನಲ್ಲಿ ಹೇಳುತ್ತ ಅರ್ಧ ಆಯುಷ್ಯ ಕಳೆದವರು. ದನಿ ಹೇಗಿತ್ತೆಂದರೆ, ಎಲ್ಲಿಗೂ ಹೋಗಬೇಕಿಲ್ಲದವರಿಗೂ ಹೊರಡುವ ಮನಸ್ಸಾಗುತ್ತಿತ್ತು. ಆಮೇಲೆ ನಿಲ್ದಾಣಕ್ಕೆ ಒಂದು ಮಷಿನು ಬಂತು. ಎಲ್ಲಿಯೋ ಯಾರೋ ಒಮ್ಮೆ ಹೇಳಿಟ್ಟದ್ದನ್ನೇ ಅದು ದಿನವೂ ಹೇಳತೊಡಗಿತು, ಬಾರದ ಬಸ್ಸುಗಳೂ ಬಂದಿವೆ ಎಂದಿತು. ಚಂಪಕ್ಕನಿಗೆ ಒಂದು ಶಾಲು ಹೊದಿಸಿ ಕಳಿಸಿದರು.

ಆಕೆ ಕೆಲವು ವರ್ಷ ಸುಮ್ಮನಿದ್ದು, ಆಮೇಲೆ ಅಲ್ಲಿ ಇಲ್ಲಿ ಓಡಾಡಿ, ಮೇಲಿನ ಕಚೇರಿಯಿಂದ ಒಂದು ಪುಟ್ಟ ರೇಡಿಯೋ ನಿಲಯಕ್ಕೆ ಒಪ್ಪಿಗೆ ತಂದರು. ನೀಲವ್ವನ ಖಾನಾವಳಿಯ ಮೇಲಿನ ಕೋಣೆ ನಿಲಯವಾಯಿತು. ಗ್ರಂಥಾಲಯ ನೋಡಿಕೊಂಡಿದ್ದ ನನ್ನನ್ನು ಮಾತು ಬರೆದುಕೊಡಲು ಕರೆದರು. ಎಲ್ಲ ಓದಿದವನು ಎಲ್ಲ ಬರೆಯಬಲ್ಲ ಎಂಬ ತಪ್ಪು ಕಲ್ಪನೆ ನಮ್ಮ ಊರಿನಲ್ಲೂ ಇದೆ.

ಶುರುವಾಗುವ ಮೊದಲು ಚಂಪಕ್ಕ ದೂರದ ಊರಿಗೆ ತರಬೇತಿಗೆ ಹೋಗಿ ಬಂದರು. ಬಂದವರೇ ನನ್ನ ಬರಹವನ್ನೆಲ್ಲ ಓದಿ ಪಕ್ಕಕ್ಕಿಟ್ಟರು.

"ಇದರಾಗ ಒಂದೂ ಪ್ರಶ್ನಿ ಇಲ್ರಿ. ಪ್ರಶ್ನಿ ಇಲ್ಲದ್ದು ರೇಡಿಯೋ ಅಲ್ಲಂತ, ಗೋಡಿಗೆ ಹಚ್ಚಿದ ನೋಟೀಸಂತ. ಕೇಳೋರನ್ನ ಘಳಿಗಿಗೊಮ್ಮೆ ಏನರ ಕೇಳಬೇಕು ಅಂತ ಅಲ್ಲಿ ಹೇಳಿಕೊಟ್ಟಾರ."

"ಅಲ್ಲಿಯವರ ಉಪ್ಪು ಬ್ಯಾರೆ, ನಮ್ಮ ಉಪ್ಪು ಬ್ಯಾರೆ, ಚಂಪಕ್ಕ" ಎಂದೆ.

ಅವರು ಕಿಟಕಿಯ ಹೊರಗೆ ನೋಡಿದರು. "ಅಷ್ಟು ವರ್ಷ ಮೈಕಿನಾಗ ಮಾತಾಡೀನಿ. ಬಸ್ ಬಂತು ಅಂದ್ರ ಮಂದಿ ಬಸ್ಸಿನ ಕಡೆ ನೋಡತಿದ್ರು. ನನ್ನ ಕಡೆ ಒಬ್ರೂ ತಿರುಗಿ ಮಾತಾಡಿಲ್ಲ. ಒಮ್ಮಿಯರ ಯಾರರ ತಿರುಗಿ ಮಾತಾಡಲಿ ಅಂತ ನನಗ ಆಸೆ ಐತ್ರಿ. ಇಷ್ಟಕ್ಕೂ ಇದು ಗಾಳಿಯಾಗ ಹೋಗೋ ಮಾತು. ಗಾಳಿಗೆ ಉಪ್ಪಿನ ಲೆಕ್ಕ ಇರಲಿಕ್ಕಿಲ್ಲ."

ವಿದ್ಯುತ್ ತರಂಗಗಳ ಬಗ್ಗೆ ನಾನು ಒಂದು ಪುಸ್ತಕ ಓದಿದ್ದೆ. ಉಪ್ಪಿನ ಪ್ರಸ್ತಾಪ ಅದರಲ್ಲಿ ಇರಲಿಲ್ಲ. ಒಪ್ಪಿದೆ.

ಹಾಗೆ ಆ ಮಂಗಳವಾರ ಚಂಪಕ್ಕ ಮೈಕಿನ ಮುಂದೆ ಕುಳಿತು, ಗಂಟಲು ಸರಿಮಾಡಿಕೊಂಡು, ಜಗತ್ತಿನ ಅತಿ ನಿರುಪದ್ರವಿ ಪ್ರಶ್ನೆಯನ್ನು ಕೇಳಿದರು: "ಪ್ರಿಯ ಕೇಳುಗರೇ, ನೀವೆಲ್ಲ ಹೇಗಿದ್ದೀರಿ?"

ಗಾಳಿಗೆ ಉಪ್ಪಿನ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಊಟಕ್ಕೆ ಕುಳಿತ ಊರು ಎದ್ದು ನಮ್ಮ ಮೆಟ್ಟಿಲಿಗೆ ಬಂತು. ಕೈಯಲ್ಲಿ ರೊಟ್ಟಿ ಹಿಡಿದವರು, ಸೌಟು ಹಿಡಿದವರು, ಮುಖದ ಒಂದೇ ಭಾಗ ಬೋಳಿಸಿಕೊಂಡ ಒಬ್ಬ, ಅವನ ಹಿಂದೆಯೇ ಕತ್ತಿ ಹಿಡಿದ ಕ್ಷೌರಿಕ. ಮೊದಲು ಬಂದವರು "ಆರಾಮ ಅದೀನ್ರಿ" ಎಂದು ಇಳಿದು, ನೀಲವ್ವ ಮೆಟ್ಟಿಲ ಬುಡದಲ್ಲಿ ಇಟ್ಟಿದ್ದ ಉಪ್ಪಿನ ಬಟ್ಟಲಿಗೆ ಬೆರಳು ಅದ್ದಿ ನೆಕ್ಕಿ, ಸಮಾಧಾನದಿಂದ ಮನೆಗೆ ಹೋದರು. ಆದರೆ ಬಿಸಿಲಿನಲ್ಲಿ ನಡೆದು, ಸಾಲಿನಲ್ಲಿ ನಿಂತು, ಮೆಟ್ಟಿಲು ಹತ್ತಿ ಬಂದವರಿಗೆ ಒಂದೇ ಮಾತು ಹೇಳಿ ಇಳಿಯುವುದು ನಷ್ಟವೆನಿಸಿತು. ಒಬ್ಬಾಕೆ ಮೊಣಕಾಲಿನಿಂದ ಶುರುಮಾಡಿ ಸೊಂಟದವರೆಗೆ ಹೇಳಿದಳು. ಟಪಾಲಿನವನು, ತನಗೆ ಬೇರೆಯವರ ಕಾಗದ ಹಂಚಿ ಹಂಚಿ ಸಾಕಾಗಿದೆ, ತನಗೂ ಒಂದು ಬರಲಿ ಎಂದ. ನಲವತ್ತು ದಾಟಿದ ಗೃಹಸ್ಥರೊಬ್ಬರು ಬಹಳ ಹೊತ್ತು ನಿಂತು, "ಆರಾಮ ಇಲ್ರಿ" ಎಂದು, ತಾವೇ ಬೆಚ್ಚಿ, ಇಳಿದು ಹೋದರು. ಚಂಪಕ್ಕ ಪ್ರತಿಯೊಬ್ಬರ ಮುಖವನ್ನೂ ನೋಡುತ್ತ ಕೇಳಿದರು. ಅವರ ಕಣ್ಣು ತುಂಬಿತ್ತು. ಅವರು ಊಟ ಮಾಡಿರಲಿಲ್ಲ, ಅದು ಬೇರೆ.

ಆ ದಿನ ಊರಿನಲ್ಲಿ ಸರಿಯಾಗಿ ಊಟ ಮುಗಿಸಿದವರು ಒಬ್ಬರೇ, ದುಂಡಪ್ಪನವರು. ಬಸ್ ಓಡಿಸಿ ನಿವೃತ್ತರಾದವರು, ಒಂಟಿ. ನೀಲವ್ವನ ಖಾನಾವಳಿಯ ಮೂಲೆಯ ಮೇಜಿನಲ್ಲಿ ಎರಡು ಹೊತ್ತೂ ಊಟ. ಅವರ ಪಲ್ಯಕ್ಕೆ ನೀಲವ್ವ ಉಪ್ಪು ಹಾಕುವುದನ್ನೇ ಬಿಟ್ಟಿದ್ದಳು. "ಹಾಕಿದ್ರೂ ಅವರಿಗೆ ತಿಳಿಯೂದಿಲ್ಲ, ಉಪ್ಪರ ಉಳೀಲಿ" ಎನ್ನುತ್ತಿದ್ದಳು. ಯಾರದೋ ಹಳೆಯ ಪ್ರಶ್ನೆಯೊಂದು ಅವರ ಬಾಯಲ್ಲಿ ಕುಳಿತಿದೆ ಎಂದು ಖಾನಾವಳಿಯಲ್ಲಿ ಉಣ್ಣುವವರಿಗೆಲ್ಲ ಗೊತ್ತಿತ್ತು. ಯಾರದು ಎಂದು ಕೇಳುವ ಹಾಗಿರಲಿಲ್ಲ, ಕೇಳಿದರೆ ಇನ್ನೊಂದು ಪ್ರಶ್ನೆಯಾಗುತ್ತಿತ್ತು. ನೌಕರಿಯ ಕೊನೆಯ ವರ್ಷಗಳಲ್ಲಿ ಅವರ ಬಸ್ಸು ಸದಾ ತಡವಾಗಿ ಹೊರಡುತ್ತಿತ್ತು. ಜನ ಎಂಜಿನ್ನಿಗೆ ಬೈಯುತ್ತಿದ್ದರು. ಈಗ ಅವರು ಒಂದು ಸಣ್ಣ ಟ್ರಾನ್ಸಿಸ್ಟರನ್ನು ನೀರಿನ ತಂಬಿಗೆಗೆ ಒರಗಿಸಿಟ್ಟು, ಅದನ್ನು ಕೇಳುತ್ತ, ಸಪ್ಪೆ ಪಲ್ಯವನ್ನು ನಿಧಾನವಾಗಿ ತಿನ್ನುತ್ತಿದ್ದರು. ಅವರನ್ನು ದಾಟಿಕೊಂಡೇ ಊರು ನಮ್ಮ ಮೆಟ್ಟಿಲು ಹತ್ತುತ್ತಿತ್ತು.

ರೇಡಿಯೋ ಸೋಲತೊಡಗಿದ್ದು ಆ ದಿನದಿಂದಲೇ. ಹೇಗೆ ಸೋಲುತ್ತಿದೆ ಎಂಬುದು ನಮಗೆ ತಿಳಿಯಲು ಸಮಯ ಹಿಡಿಯಿತು, ಏಕೆಂದರೆ ನೋಡಲು ಅದು ಗೆಲುವಿನ ಹಾಗೆಯೇ ಇತ್ತು. ಕೇಳಿದವರು ಮನೆಯಲ್ಲಿ ಉಳಿಯುತ್ತಿರಲಿಲ್ಲ, ಉತ್ತರ ಹೇಳಲು ಎದ್ದು ಬರುತ್ತಿದ್ದರು. ಎದ್ದು ಬರಲಾಗದವರು ಊಟದ ಆಸೆಗೆ ರೇಡಿಯೋವನ್ನೇ ಬಂದ್ ಮಾಡುತ್ತಿದ್ದರು. ಎರಡು ಗುಂಪೂ ಸೇರಿದರೆ ಇಡೀ ಊರಾಗುತ್ತಿತ್ತು. ಫೋನಿನಲ್ಲಿ ಉತ್ತರಿಸಿರೆಂದು ಬೇಡಿಕೊಂಡೆವು. ಫೋನಿಗೆ ಮುಖವಿಲ್ಲದ್ದರಿಂದ ಉಪ್ಪು ಬರಲಿಲ್ಲ. ಪ್ರಶ್ನೆಯಿಲ್ಲದ ಕಾರ್ಯಕ್ರಮಗಳನ್ನು ನಾನು ಬರೆದುಕೊಟ್ಟೆ. "ಇಂದು ಬುಧವಾರ. ಬಿಸಿಲು ಇದೆ. ಬೇವಿನ ಎಣ್ಣೆಯಿಂದ ಅನೇಕ ಉಪಯೋಗಗಳಿವೆ." ಆ ತಿಂಗಳು ಮೆಟ್ಟಿಲ ಮೇಲೆ ಒಂದು ನಾಯಿ ಮಲಗುತ್ತಿತ್ತು.

ಅದನ್ನು ನೋಡಲಾಗದೆ ಚಂಪಕ್ಕ ಪ್ರಶ್ನೆಗಳಿಗೆ ಮರಳಿದರು. ಕೆರೆಗೆ ಬೇಲಿ ಹಾಕುವುದು ಸರಿಯೇ? ನಿಮಗೆ ಇಷ್ಟವಾದ ಸಿಹಿ ಯಾವುದು? ಚಿಕ್ಕವರಿದ್ದಾಗ ಯಾವುದಕ್ಕೆ ಹೆದರುತ್ತಿದ್ದಿರಿ? ಜನ ಮತ್ತೆ ಬಂದರು, ಬರಬರುತ್ತ ಪ್ರಶ್ನೆ ಕೇಳುವ ಮೊದಲೇ ಬಂದು ಕುಳಿತರು. ಮೇಲೆ ಚಂಪಕ್ಕ ಮೈಕಿನಲ್ಲಿ ಮಾತಾಡುತ್ತಿದ್ದರೆ ಕೆಳಗೆ ಊರು ಮೆಟ್ಟಿಲುಗಳ ಮೇಲೆ ಒಬ್ಬರ ಪಕ್ಕ ಒಬ್ಬರು ಕುಳಿತು ತಾನೇ ಮಾತಾಡಿಕೊಳ್ಳುತ್ತಿತ್ತು. ಪ್ರಶ್ನೆಯ ರುಚಿ ಹತ್ತಿತು. ಒಬ್ಬ ಅತ್ತೆ, ಎಲ್ಲರ ಎದುರು, ಸೊಸೆಯ ಹೆಸರು ಹಿಡಿದು ಕರೆದು, "ಹದಿನಾರು ವರ್ಷ ನನ್ನ ಕೈಯ ಅಡಿಗಿ ಉಂಡೀದಿ, ನಿನಗ ಸೇರತೈತೇನು?" ಎಂದು ಕೇಳಿಯೇಬಿಟ್ಟಳು. ಸೊಸೆ ಊಟದ ಹೊತ್ತು ಕಾಯಲಿಲ್ಲ, ಅಲ್ಲೇ ಹೇಳಿದಳು. ಆ ಮನೆಯಲ್ಲಿ ಈಗ ಸೊಸೆ ಅಡುಗೆ ಮಾಡುತ್ತಾಳೆ, ಅತ್ತೆ ಮೆಟ್ಟಿಲಿಗೆ ಬರುತ್ತಾಳೆ, ಇಬ್ಬರೂ ಮೈ ತುಂಬಿಕೊಂಡಿದ್ದಾರೆ.

ಹೀಗಿರುವಾಗ ಮೇಲಿನ ಕಚೇರಿಯ ಸಾಹೇಬರು ತಪಾಸಣೆಗೆ ಬಂದರು. ಕೊರಳಿಗೆ ಟೈ ಕಟ್ಟಿದ, ಬೆವರನ್ನು ತಪ್ಪು ಮಾಡಿದವನಂತೆ ಒರೆಸಿಕೊಳ್ಳುವ ಮನುಷ್ಯ. ಚಂಪಕ್ಕ ಬೆಳಿಗ್ಗೆಯಿಂದ ಏನನ್ನೂ ತಿಂದಿರಲಿಲ್ಲ. ನಿಲಯ ಹೋದರೆ ಮತ್ತೆ ಶಾಲು ಹೊದ್ದು ಮನೆಯಲ್ಲಿ ಕೂರುವುದೇ ಎಂದು ಅವರ ಮುಖವೇ ಹೇಳುತ್ತಿತ್ತು. ಸಾಹೇಬರು ಖಾನಾವಳಿಗೆ ಕಾಲಿಟ್ಟು, ತುಂಬಿದ ಮೇಜುಗಳನ್ನು ನೋಡಿ, ಹೊರಗಿನವರಿಗೆ ಮಾತ್ರ ಸಾಧ್ಯವಾದ ನಿರಾಳದಿಂದ ಕೇಳಿದರು: "ಈ ಊರಲ್ಲಿ ರೇಡಿಯೋ ಕೇಳೋರು ಯಾರ್‍ಯಾರು?"

ಎಲ್ಲರ ಕೈಯ ತುತ್ತೂ ತಟ್ಟೆಗೆ ಇಳಿಯಿತು. ಒಬ್ಬೊಬ್ಬರಾಗಿ ಎದ್ದು ಸಾಹೇಬರ ಮುಖದ ಮುಂದೆ ನಿಂತರು.

"ನಾ ಕೇಳೂದಿಲ್ರಿ ಸಾಹೇಬ್ರ. ನಾ ಬರತೀನಿ."

"ನಮ್ಮನಿಯಾಗ ಹಚ್ಚೂದ ಇಲ್ರಿ. ಆದ್ರ ಚಂಪಕ್ಕ ಇಲ್ಲದ ನಮಗ ದಿನಾ ಹೋಗೂದಿಲ್ರಿ."

"ಕೇಳಿದ್ರ ಉಣ್ಣಾಕ ಆಗೂದಿಲ್ರಿ, ಉಂಡ್ರ ಕೇಳಾಕ ಆಗೂದಿಲ್ಲ."

ಸಾಹೇಬರು ಪ್ರತಿ ಉತ್ತರಕ್ಕೂ ಹಿಂದೆ ಸರಿಯುತ್ತ ಹೋಗಿ ಮೂಲೆಯ ಮೇಜಿಗೆ ತಾಗಿ ನಿಂತರು. ಅಲ್ಲಿ ದುಂಡಪ್ಪನವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಿ, "ನಾ ಕೇಳತೀನ್ರಿ" ಎಂದರು. "ಅವರು ಹಚ್ಚಿದಾಗಿಂದ ಬಂದ್ ಮಾಡೂತನಕ. ಒಂದ ದಿನಾನೂ ಬಿಟ್ಟಿಲ್ಲ."

ನನ್ನ ಪಕ್ಕ ನಿಂತಿದ್ದ ಚಂಪಕ್ಕ ನನ್ನ ತೋಳು ಹಿಡಿದುಕೊಂಡರು. ತಮಗೊಬ್ಬ ಕೇಳುಗ ಇದ್ದಾನೆಂದು ಅವರಿಗೆ ಆ ಗಳಿಗೆಯ ತನಕ ಗೊತ್ತಿರಲಿಲ್ಲ. ಅವರು ಮನೆಯಿಂದ ಬುತ್ತಿ ತಂದು ಮೇಲಿನ ಕೋಣೆಯಲ್ಲೇ ಉಣ್ಣುವವರು, ಹಿಂದಿನ ಮೆಟ್ಟಿಲಿನಿಂದ ಹತ್ತಿ ಇಳಿಯುವವರು.

ಮೇಲೆ ಹೋಗಿ ಸಾಹೇಬರು ಯಂತ್ರಗಳನ್ನು ಮುಟ್ಟಿ ನೋಡಿದರು. "ಸಾಹೇಬ್ರ, ನಿಲಯ ನಡೆಸ್ತೀರೋ ಮುಚ್ಚತೀರೋ?" ಎಂದು ಚಂಪಕ್ಕ ನೇರವಾಗಿ ಕೇಳಿದರು.

"ಪರಿಶೀಲಿಸಿ ಮುಂದೆ ತಿಳಿಸ್ತೀವಿ ಮೇಡಂ" ಎಂದು ಹೇಳಿ ಸಾಹೇಬರು ಊಟಕ್ಕೆ ಇಳಿದರು. ಕಚೇರಿಗಳಲ್ಲಿ ಅದು ಉತ್ತರವೆನಿಸಿಕೊಳ್ಳಬಹುದು, ನಮ್ಮ ಊರಿನಲ್ಲಿ ಆಗುವುದಿಲ್ಲ. ಮೊದಲ ತುತ್ತಿಗೆ ಅವರು ಉಪ್ಪು ಕೇಳಿದರು, ಎರಡನೆಯದಕ್ಕೆ ಇನ್ನಷ್ಟು, ಮೂರನೆಯದಕ್ಕೆ ಉಪ್ಪಿನಕಾಯಿ. ಕೊನೆಗೆ ನೀಲವ್ವ ಕರುಣೆಯಿಂದ, "ಮ್ಯಾಲ ಹೋಗಿ ಹೇಳಿ ಬರ್ರಿ ಯಪ್ಪಾ, ಅಲ್ಲೀತನಕ ನಾ ರೊಟ್ಟಿ ಬಿಸಿ ಇಟ್ಟಿರತೀನಿ" ಎಂದಳು. ಇಡೀ ಇಲಾಖೆಯ ಇತಿಹಾಸದಲ್ಲಿ ಅದೇ ದಿನ ಕೈಗೊಂಡ ತೀರ್ಮಾನ ಬಹುಶಃ ಅದೊಂದೇ. ಸಾಹೇಬರು ಏದುಸಿರು ಬಿಡುತ್ತ ಬಂದು ಹೇಳಿದರು: "ನೋಡಿ ಮೇಡಂ, ಒಬ್ಬ ಕೇಳುಗನಾದರೂ ಇರೋ ತನಕ ಮುಚ್ಚೋ ಹಾಗಿಲ್ಲ, ಅದು ನಿಯಮ. ಅವರೂ ಇಲ್ಲ ಅಂದ ದಿನ ನೀವೇ ಒಂದು ಮಾತು ತಿಳಿಸಿಬಿಡಿ, ಮುಚ್ಚೋಣ." ಹೇಳಿ ಇಳಿದು, ಮೂರು ರೊಟ್ಟಿ ತಿಂದು, ಸಂತೋಷದಿಂದ ಹೋದರು.

ನಿಲಯ ಉಳಿಯಿತೆಂದು ನಾನು ಚಹಾ ತರಿಸಿದೆ. ಚಂಪಕ್ಕ ಕುಡಿಯಲಿಲ್ಲ. ದುಂಡಪ್ಪನವರಿಗೆ ನಮಸ್ಕಾರ ಹೇಳಿ ಬರುತ್ತೇನೆಂದು ಮುಂದಿನ ಮೆಟ್ಟಿಲಿನಿಂದ ಇಳಿದರು. ನಾನೂ ಹಿಂದೆ ಹೋದೆ. ನೀಲವ್ವ ಮೂಲೆಯ ಮೇಜಿಗೆ ಬೇರೆ ಪಾತ್ರೆಯಿಂದ ಬಡಿಸುತ್ತಿದ್ದಳು.

"ಇದು ಅವರದ ಬ್ಯಾರೆ, ಚಂಪಕ್ಕ" ಎಂದಳು, ಆಕೆಯ ನೋಟ ಕಂಡು. "ಉಪ್ಪಿಲ್ಲದ್ದು. ಭಾಳ ವರ್ಷಾತು, ಹಿಂಗ ಐತಿ. ಹಿಂಗಾಗಿನ ನಿಮ್ಮ ರೇಡಿಯೋ ಅವರಿಗೆ ನಡೀತೈತಿ. ಕಳಕೊಳ್ಳಾಕ ಅವರ ಬಾಯಾಗ ಏನೂ ಇಲ್ಲ."

ಚಂಪಕ್ಕ ಸ್ವಲ್ಪ ಹೊತ್ತು ಆ ಪಾತ್ರೆಯನ್ನೇ ನೋಡುತ್ತ ನಿಂತರು. ಅವರ ಯೋಚನೆ ನನಗೆ ಅರ್ಥವಾಯಿತು, ನನ್ನದೂ ಅದೇ ಆಗಿತ್ತು: ಈ ಮನುಷ್ಯನ ನಾಲಿಗೆ ಸಪ್ಪಗಿರುವ ತನಕ ನಿಲಯ ಬದುಕಿರುತ್ತದೆ. ಸುಮ್ಮನೆ ನಮಸ್ಕಾರ ಹೇಳಿ ಮೇಲೆ ಹೋದರೆ ಸಾಕು. ನಾನಾಗಿದ್ದರೆ ಹೋಗುತ್ತಿದ್ದೆ. ಚಂಪಕ್ಕ ಅವರ ಎದುರಿನ ಬೆಂಚಿನ ಮೇಲೆ ಕುಳಿತರು.

"ದುಂಡಪ್ಪನವರ, ಯಾರದೋ ಪ್ರಶ್ನಿ ನಿಮ್ಮ ಬಾಯಾಗ ಕುಂತೈತಿ. ಅವರ ಕಡೆ ಹೋಗಿ ಹೇಳಿಬಿಡ್ರಿ. ರೇಡಿಯೋದ ಚಿಂತಿ ನಿಮಗ ಬ್ಯಾಡ. ನನ್ನ ಸಲುವಾಗಿ ಯಾರೂ ಸಪ್ಪಂದು ಉಣ್ಣೂದು ಬ್ಯಾಡ್ರಿ."

ದುಂಡಪ್ಪನವರು ಟ್ರಾನ್ಸಿಸ್ಟರಿನ ಕಿವಿ ತಿರುಗಿಸಿ ಬಂದ್ ಮಾಡಿದರು. "ಹೋಗೂದೇನಿಲ್ರಿ. ಅವರ ಬಂದು ಕುಂತಾರ." ಆಮೇಲೆ ಕೈ ತೊಳೆದುಕೊಂಡು ಬಂದು, ನೆಟ್ಟಗೆ ಕುಳಿತರು. "ಆದ್ರ ಅದು ತಳದಾಗೈತಿ. ಬಸ್ಸಿನ ಮ್ಯಾಲಿನ ಸಾಮಾನು ಇದ್ದಂಗ, ಮ್ಯಾಲಿಂದು ಇಳಿಸದ ತಳದ್ದು ಬರೂದಿಲ್ಲ. ಸ್ವಲ್ಪ ತಡಕೋರಿ."

ಅವರು ಇಳಿಸತೊಡಗಿದರು. ಹೋದ ವಾರದ ಪ್ರಶ್ನೆಯಿಂದ ಹಿಂದಕ್ಕೆ, ಚಂಪಕ್ಕ ರೇಡಿಯೋದಲ್ಲಿ ಕೇಳಿದ್ದನ್ನೆಲ್ಲ, ಒಂದೂ ಬಿಡದೆ. ಚಿಕ್ಕವರಿದ್ದಾಗ ಹೆದರುತ್ತಿದ್ದದ್ದು ಗಿರಣಿಯ ಸೀಟಿಗೆ. ಇಷ್ಟದ ಸಿಹಿ ಮಾದಲಿ, ಆದರೆ ಹಾಲು ಕಡಿಮೆ. ಕೆರೆಗೆ ಬೇಲಿ ಬೇಡ, ಎಮ್ಮೆಗಳಿಗೆ ಬೇಜಾರಾಗುತ್ತದೆ. ಹಿಂದಿನ ಜನ್ಮವಿದ್ದರೆ ತಾವು ಬಹುಶಃ ಎತ್ತು. ಊರಿಗೆ ಇನ್ನೊಂದು ಸಿನಿಮಾ ಮಂದಿರ ಬೇಡ, ಇರುವುದಕ್ಕೇ ಒಳ್ಳೆಯ ಕುರ್ಚಿ ಹಾಕಲಿ. ಮೊದಲು ನೀಲವ್ವ ನಕ್ಕಳು, ಆಮೇಲೆ ಮೇಜುಗಳವರು ತಿನ್ನುವುದನ್ನು ನಿಲ್ಲಿಸಿದರು. ನನಗೇ ಮರೆತುಹೋಗಿದ್ದ ಪ್ರಶ್ನೆಗಳಿಗೆ ಉತ್ತರ ಬರುತ್ತಿತ್ತು. ಚಂಪಕ್ಕ ಅವರ ಮುಖದಿಂದ ಕಣ್ಣು ಕೀಳಲಿಲ್ಲ. ಕೊನೆಗೆ ಆ ಮಂಗಳವಾರದ ಪ್ರಶ್ನೆ ಬಂತು. "ಹೆಂಗದೀನಿ ಅಂದ್ರ, ಸಪ್ಪಗದೀನ್ರಿ" ಎಂದರು ದುಂಡಪ್ಪನವರು.

"ತಳದ್ದು ಉಳೀತು" ಎಂದಳು ನೀಲವ್ವ, ಮೆಲ್ಲಗೆ.

"ಸ್ಟ್ಯಾಂಡಿನಾಗ ನಿಮ್ಮ ಕಡೀ ದಿನ" ಎಂದರು ದುಂಡಪ್ಪನವರು. "ನನ್ನ ಬಸ್ ಹೊಂಟಿತ್ತು. ನೀವು ಮೈಕ್ ಬಂದ್ ಮಾಡಿ ಗೂಡಿನಿಂದ ಹೊರಗ ಬಂದು ಕೇಳಿದ್ರಿ, 'ದುಂಡಪ್ಪನವರ, ನಾಳಿಂದ ನನ್ನ ದನಿ ಇಲ್ಲದ ಬಸ್ ಬಿಡತೀರೇನು?' ಅಂತ."

ಚಂಪಕ್ಕನ ಕಿವಿ ಕೆಂಪಾಯಿತು. "ನೀವು ಹಾರ್ನ್ ಹೊಡದು ಹೋದ್ರಿ. ಅದ ಉತ್ತರ ಅನ್ಕೊಂಡಿದ್ದೆ."

"ನಾನೂ ಹಂಗ ಅನ್ಕೊಂಡಿದ್ದೆ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗೊತ್ತಾತು, ಹಾರ್ನ್ ನಡಿಯೂದಿಲ್ಲ ಅಂತ. ತಿರುಗಿ ಬಂದು ನೋಡಿದ್ರ ಗೂಡಿನಾಗ ಮಷಿನ್ ಕುಂತಿತ್ತು. ಮನಿತನಕ ಬಂದು ಹೇಳುವಷ್ಟು ಧೈರ್ಯ ನನಗ ಇರಲಿಲ್ಲ. ಆಮ್ಯಾಲ ನೀವು ಇಲ್ಲೇ ಮ್ಯಾಲ ಬಂದು ಮಾತಾಡಾಕ ಹತ್ತಿದ್ರಿ. ಹತ್ತಿ ಬಂದು ಹೇಳಿದ್ರ ಉಪ್ಪು ಬರತಿತ್ತು. ಉಪ್ಪು ಬಂದಿದ್ರ ಎಲ್ಲಾರಂಗ ನಾನೂ ರೇಡಿಯೋ ಬಂದ್ ಮಾಡಬೇಕಾಗತಿತ್ತು. ಉಪ್ಪು ಬ್ಯಾಡ ಅನಿಸ್ತು."

ಖಾನಾವಳಿಯಲ್ಲಿ ಯಾರೋ ತಂಬಿಗೆ ಕೆಳಗಿಟ್ಟ ಸದ್ದು ಕೇಳಿಸಿತು.

"ಅವತ್ತ ಕೇಳಿದ್ದಕ್ಕ ಉತ್ತರ ಇಷ್ಟ ರಿ" ಎಂದು ದುಂಡಪ್ಪನವರು ಆಕೆಯ ಮುಖ ನೋಡಿದರು. "ಬಸ್ ಬಿಟ್ಟೆ. ಬಿಡದ ಹೋದ್ರ ನೌಕರಿ ಹೋಗತಿತ್ತು. ಆದ್ರ ನಿಮ್ಮ ದನಿ ಈಗ ಬರತೈತಿ, ಈಗ ಬರತೈತಿ ಅಂತ ಕಾದು, ದಿನಾ ತಡಾ ಮಾಡಿ ಬಿಟ್ಟೆ."

ಚಂಪಕ್ಕ ಎದ್ದು, ಪಕ್ಕದ ಮೇಜಿನಿಂದ ಎಲ್ಲರಿಗೂ ಬಡಿಸುವ ಉಪ್ಪು ಹಾಕಿದ ಪಲ್ಯದ ಬಟ್ಟಲನ್ನು ತಂದು, ದುಂಡಪ್ಪನವರ ತಟ್ಟೆಗೆ ಒಂದು ಸೌಟು ಬಡಿಸಿ, ಮತ್ತೆ ಕುಳಿತರು. ದುಂಡಪ್ಪನವರು ಒಂದು ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಖಾನಾವಳಿಯೆಲ್ಲ ಅವರ ದವಡೆಯನ್ನೇ ನೋಡುತ್ತಿತ್ತು.

"ನೀಲವ್ವ" ಎಂದರು ಅವರು, ಕಣ್ಣು ಬಿಟ್ಟು. "ಉಪ್ಪು ಜಾಸ್ತಿ ಆಗೇತಿ."

"ಆಗೂದ ಮತ್ತ!" ಎಂದಳು ನೀಲವ್ವ. "ಇಷ್ಟು ವರ್ಷ ಉಳಿಸಿದ್ದು ಎಲ್ಲೆರ ಹಾಕಬೇಕಲ್ಲ!"

ಮುಂದಿನ ಮಂಗಳವಾರ ಚಂಪಕ್ಕ ಎಂದಿನಂತೆ ಮೈಕಿನ ಮುಂದೆ ಕುಳಿತರು. ಬೇಡವೆಂದು ನಾನು ಸನ್ನೆ ಮಾಡಿದೆ. ಅವರು ನನ್ನ ಕಡೆ ನೋಡಿ ನಕ್ಕು, "ಪ್ರಿಯ ಕೇಳುಗರೇ, ನೀವೆಲ್ಲ ಹೇಗಿದ್ದೀರಿ?" ಎಂದು ಕೇಳಿಯೇಬಿಟ್ಟರು. ಕೆಳಗೆ ಟ್ರಾನ್ಸಿಸ್ಟರ್ ಬಂದ್ ಆದ ಸಣ್ಣ ಸದ್ದು ಕಿಟಕಿಯಿಂದ ಬಂತು. ಆಮೇಲೆ ಮುಂದಿನ ಮೆಟ್ಟಿಲ ಮೇಲೆ ಭಾರವಾದ ಹೆಜ್ಜೆ. ದುಂಡಪ್ಪನವರು ಒಗೆದ ಅಂಗಿ ಹಾಕಿಕೊಂಡು, ಬಾಗಿಲಲ್ಲಿ ನಿಂತು, ಏದುಸಿರಿನ ನಡುವೆ "ಆರಾಮ ಅದೀನ್ರಿ" ಎಂದರು. ಆ ಮಾತಿಗೆ ಅಷ್ಟೆಲ್ಲ ಮೆಟ್ಟಿಲು ಬೇಕಿರಲಿಲ್ಲ, ಆದರೂ ಅವರು ಇಳಿದು ಹೋಗಲಿಲ್ಲ.

ಇದ್ದ ಒಬ್ಬ ಕೇಳುಗರೂ ಈಗ ರೇಡಿಯೋ ಬಂದ್ ಮಾಡಿ ಮೆಟ್ಟಿಲು ಹತ್ತುತ್ತಾರೆಂದು ಸಾಹೇಬರಿಗೆ ಚಂಪಕ್ಕ ತಾವೇ ಸುದ್ದಿ ಮುಟ್ಟಿಸಿದರು. ಯಂತ್ರಗಳನ್ನು ಒಯ್ಯಲು ವ್ಯಾನು ಬಂದ ದಿನ, ಅವನ್ನು ಇಳಿಸಲು ಊರಿನವರೇ ಕೈ ಹಾಕಿದರು, ಏಕೆಂದರೆ ಮೆಟ್ಟಿಲು ಬೇಗ ಖಾಲಿಯಾಗಬೇಕಿತ್ತು. ಸಂಜೆಯ ಪ್ರಶ್ನೆಗೆ ಹೊತ್ತಾಗಿತ್ತು. ಈಗ ಚಂಪಕ್ಕ ಕೆಳಗಿನ ಮೆಟ್ಟಿಲ ಮೇಲೆ ಕುಳಿತು, ಮೈಕಿಲ್ಲದೆ, ದಿನಕ್ಕೊಂದು ಪ್ರಶ್ನೆ ಕೇಳುತ್ತಾರೆ. ಬಂದವರು ಉತ್ತರ ಹೇಳುತ್ತಾರೆ, ಆಮೇಲೆ ತಾವೂ ಒಂದು ಕೇಳುತ್ತಾರೆ, ಊಟ ತಡವಾಗುತ್ತದೆ. ದುಂಡಪ್ಪನವರು ಎಲ್ಲರಿಗಿಂತ ಮೊದಲೇ ಬಂದು ಅವರ ಪಕ್ಕದ ಜಾಗ ಹಿಡಿದಿರುತ್ತಾರೆ. ಅವರಿಬ್ಬರ ನಡುವೆ ಇನ್ನೂ ಯಾವ ಪ್ರಶ್ನೆ ಬಾಕಿ ಇದೆಯೋ ನನಗೆ ತಿಳಿಯದು, ಕೇಳುವ ಧೈರ್ಯ ನಾನು ಇನ್ನೂ ಮಾಡಿಲ್ಲ.

ರೇಡಿಯೋ ನಿಲಯ ಮುಚ್ಚಿದೆ. ಕೇಳುಗರು ಇರಲಿಲ್ಲ.